ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11: ರೂಫಸ್ ಎಷ್ಟರ ಮಟ್ಟಿಗೆ ಆಗ್ತೈತಿ?

ಬೆಳಗಾವಿಯಾಗ ಸೆಕೆಂಡ್‌ಹ್ಯಾಂಡ್ ಸಿಗೋ ನಾಲ್ಕನೇ, ಆರನೇ ಜನರೇಶನ್ ಐ5 ಲ್ಯಾಪ್‌ಟಾಪಿಗೆ ವಿಂಡೋಸ್ 11 ನೇರವಾಗಿ ಕೂಡಂಗಿಲ್ಲ. ಎಂಟನೇ ಜನರೇಶನ್, ಟಿಪಿಎಂ 2.0 (ಭದ್ರತಾ ಚಿಪ್) ಬೇಕು ಅಂತೈತಿ. ಪೆನ್‌ಡ್ರೈವಿನಾಗ ವಿಂಡೋಸ್ ಇನ್‌ಸ್ಟಾಲರ್ ತಯಾರು ಮಾಡೋ, ಪುಕ್ಕಟೆ ಸಿಗೋ ಸಾಫ್ಟ್‌ವೇರ್ ರೂಫಸ್ ಈ ತಪಾಸಣೆ ತಪ್ಪಿಸ್ತೈತಿ: 16 ಜಿಬಿ ಪೆನ್‌ಡ್ರೈವ್ ಹಚ್ಚಿ, ಐಎಸ್ಒ (ವಿಂಡೋಸ್ ಇನ್‌ಸ್ಟಾಲ್ ಫೈಲ್) ಆರಿಸಿ, ಸ್ಟಾರ್ಟ್ ಒತ್ತಿದ ಮ್ಯಾಲೆ ಬರೋ ಪಟ್ಟಿಯಾಗ ಟಿಪಿಎಂ, ಸೆಕ್ಯೂರ್ ಬೂಟ್ ಬೇಕನ್ನೋ ಷರತ್ತು ತಗಿಯೋ ಸಾಲಿಗೆ ಟಿಕ್ ಹಾಕ್ರಿ.

ಬಹಳ ಮಂದಿ ಸಿಗಬೀಳೋದು ಮುಂದ, ಆ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಚಾಲೂ ಮಾಡಿ ವಿಂಡೋಸ್ ಹಾಕುವಾಗ. ‘ಈ ಡಿಸ್ಕ್ ಎಂಬಿಆರ್ (ಡಿಸ್ಕ್ ಭಾಗ ಮಾಡೋ ಹಳೇ ಪದ್ಧತಿ) ಐತಿ’ ಅಂತ ಇನ್‌ಸ್ಟಾಲ್ ನಿಲ್ತೈತಿ. ಡಿಸ್ಕ್ ಮೊದಲು ಲೆಗಸಿ ಮೋಡಿನಾಗ (ಕಂಪ್ಯೂಟರ್ ಚಾಲೂ ಆಗೋ ಹಳೇ ರೀತಿ) ತಯಾರಾಗಿರ್ತೈತಿ, ಪೆನ್‌ಡ್ರೈವ್ ಯುಇಎಫ್ಐನಾಗ (ಹೊಸ ರೀತಿ) ಬೂಟ್ ಆಗಿರ್ತೈತಿ. ಶಿಫ್ಟ್ ಜೊತಿ ಎಫ್10 ಒತ್ತಿ ‘ಡಿಸ್ಕ್‌ಪಾರ್ಟ್’ ಹೊಡೀರಿ, ‘ಲಿಸ್ಟ್ ಡಿಸ್ಕ್’ನಾಗ ಸೈಜ್ ನೋಡಿ ಸರಿಯಾದ ಡಿಸ್ಕ್ ಸೆಲೆಕ್ಟ್ ಮಾಡ್ರಿ, ಆಮ್ಯಾಲೆ ‘ಕ್ಲೀನ್’, ‘ಕನ್ವರ್ಟ್ ಜಿಪಿಟಿ’ (ಡಿಸ್ಕ್ ಹೊಸ ಪದ್ಧತಿಗೆ ಬದಲಿಸೋ ಆಜ್ಞೆ) ಹೊಡೀರಿ. ಕ್ಲೀನ್ ಅಂದ್ರ ಡಿ ಡ್ರೈವಿನ ಮದುವಿ ಫೋಟೋನೂ ಹೋಗ್ತಾವು. ಬ್ಯಾಕಪ್ ಮೊದಲ ಇರಲಿ.

ಹಳೇ ಹಾರ್ಡ್‌ಡಿಸ್ಕ್ ಮ್ಯಾಲೆ ವಿಂಡೋಸ್ 11 ಹಾಕೋದು ದಂಡ, ಅದಕ್ಕಿಂತ ಜೋರಾಗಿ ಓಡೋ ಸಾಟಾ ಎಸ್‌ಎಸ್‌ಡಿ ಹಾಕಸ್ರಿ. ಕೋರ್ 2 ಡ್ಯುಯೋ ಇದ್ರ ಆಸೆ ಬಿಡ್ರಿ: ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಪಾಪ್‌ಕೌಂಟ್ ಅನ್ನೋ ಪ್ರೊಸೆಸರ್ ಸೂಚನೆ (ಇನ್‌ಸ್ಟ್ರಕ್ಷನ್) ಅದರಾಗ ಇಲ್ಲ, ರೂಫಸ್‌ಗೂ ಅದು ನೀಗಂಗಿಲ್ಲ. ವರ್ಷದ ದೊಡ್ಡ ಅಪ್‌ಡೇಟ್ ತಾನಾಗೇ ಬರತೈತಿ ಅಂತ ನಂಬಬ್ಯಾಡ್ರಿ, ಹೊಸ ಐಎಸ್ಒ ಇಳಿಸಿ ಮತ್ತ ಹಾಕಬೇಕಾಗ್ತೈತಿ. ಸೆಟಪ್‌ನಾಗ ವೈಫೈ ಕಾಣಲಿಲ್ಲಂದ್ರ ಮೊಬೈಲ್ ಕೇಬಲ್ ಹಚ್ಚಿ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಮೊಬೈಲ್ ಇಂಟರ್ನೆಟ್ ಕೊಡೋದು) ಆನ್ ಮಾಡ್ರಿ.