ಕೈಯಾರೆ ರಿಪೇರಿ ಮಾಡಿಕೊಂಡು ಓಡಿಸುವ ಹಳೇ ಬೆಂಜ್: ಡಬ್ಲ್ಯೂ124 ಇ220, ಬಹುಕಾಲದ ಬಳಕೆಯ ವಿಮರ್ಶೆ

ಬೆಂಜ್ ಅಂದ ಕೂಡಲೇ ಜನ ಸೀಟಿನ ಬಗ್ಗೆ ಕೇಳುತ್ತಾರೆ, ಬಾಗಿಲು ಮುಚ್ಚುವ ಸದ್ದಿನ ಬಗ್ಗೆ ಮಾತಾಡುತ್ತಾರೆ. ನನಗೆ ಈ ಕಾರಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಬಾನೆಟ್. ಮಾಮೂಲಿಯಾಗಿ ಎತ್ತಿದರೆ ಬೇರೆ ಕಾರುಗಳ ಹಾಗೆ ಅರ್ಧಕ್ಕೆ ನಿಲ್ಲುತ್ತದೆ. ಹಿಂಜ್ ಹತ್ತಿರ ಇರುವ ಪುಟ್ಟ ಲಿವರ್ ಒತ್ತಿ ಇನ್ನೂ ಮೇಲಕ್ಕೆ ತಳ್ಳಿ ನೋಡಿ, 90 ಡಿಗ್ರಿಗೆ ನೆಟ್ಟಗೆ ನಿಂತುಬಿಡುತ್ತದೆ. ತಲೆಗೆ ಏನೂ ತಾಗುವುದಿಲ್ಲ, ಬೆಳಕು ನೇರವಾಗಿ ಎಂಜಿನ್ ಮೇಲೆ ಬೀಳುತ್ತದೆ, ಎರಡೂ ಕೈ ಒಳಗೆ ಹಾಕಿ ಆರಾಮಾಗಿ ಕೆಲಸ ಮಾಡಬಹುದು. ಈ ಕಾರನ್ನು ರೂಪಿಸಿದವರು ರಿಪೇರಿ ಮಾಡುವವನ ಬೆನ್ನಿನ ಬಗ್ಗೆಯೂ ಯೋಚಿಸಿದ್ದಾರೆ ಅಂತ ನನಗೆ ಮೊದಲ ಸಲ ಅನಿಸಿದ್ದು ಆಗ.

ನನ್ನದು 1995ರ ಇ220 ಪೆಟ್ರೋಲ್, ಮ್ಯಾನ್ಯುಯಲ್ ಗೇರ್. ಡಬ್ಲ್ಯೂ124 ಅನ್ನುವುದು ಈ ಬಾಡಿಗೆ ಕಂಪನಿ ಇಟ್ಟ ಕೋಡ್. ಮರ್ಸಿಡಿಸ್ ಕಂಪನಿ 1994ರಲ್ಲಿ ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಜೊತೆ ಸೇರಿ ನಮ್ಮ ದೇಶಕ್ಕೆ ಬಂದಾಗ ಪುಣೆಯಲ್ಲಿ ಮೊದಲು ಜೋಡಿಸಿದ್ದು ಇದೇ ಡಬ್ಲ್ಯೂ124. ಜರ್ಮನಿಯಲ್ಲಿ ಅಷ್ಟು ಹೊತ್ತಿಗೆ ಇದರ ಜಾಗಕ್ಕೆ ಡಬ್ಲ್ಯೂ210 ಬರುತ್ತಿತ್ತು. ನಮಗೆ ಸಿಕ್ಕಿದ್ದು ಹಳೇ ಮಾಡೆಲ್ ಅಂತ ಆಗ ಎಷ್ಟೋ ಜನ ಬೇಜಾರು ಮಾಡಿಕೊಂಡರಂತೆ. ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವವರಿಗೆ ಅದು ದೊಡ್ಡ ಅದೃಷ್ಟ. ಹೊಸ ಹ್ಯಾಚ್‌ಬ್ಯಾಕ್ ಬೆಲೆಯ ಅರ್ಧಕ್ಕಿಂತ ಕಡಿಮೆ ಕೊಟ್ಟು ನಾನು ಇದನ್ನು ತಂದೆ. ಸಂಬಳದಲ್ಲಿ ಬದುಕುವವರು ನಾವು, ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ದೊಡ್ಡ ಸರ್ವಿಸ್ ಸೆಂಟರ್ ನಮಗೆ ಆಗುವುದಿಲ್ಲ. ತಿಂಗಳಿಗೆ 5,000 ರೂಪಾಯಿ ಬೇರೆ ತೆಗೆದಿಡುತ್ತೇನೆ, ಕಾರಿನ ಖರ್ಚು ಅಷ್ಟರಲ್ಲೇ ಮುಗಿಯಬೇಕು. ಈ ವಿಮರ್ಶೆಯನ್ನು ಆ ಲೆಕ್ಕದಲ್ಲೇ ಓದಿ.

ಭಾನುವಾರ ಬೆಳಗ್ಗೆ ಕಾಫಿ ಕುಡಿದ ಮೇಲೆ ಒಂದು ಗಂಟೆ ಕಾರಿನದು. ಮೊದಲು ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್. ಹಳೇ ಕಾಟನ್ ಪಂಚೆ ಹರಿದು ಇಟ್ಟುಕೊಂಡಿದ್ದೇನೆ, ಅದರಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ತೆಗೆದು ಬಣ್ಣ ನೋಡುತ್ತೇನೆ. ಆಮೇಲೆ ಕೂಲಂಟ್ ಬಾಟಲಿ. ಇದಕ್ಕೆ ಬೆಂಜ್ ಹೇಳುವ ನೀಲಿ ಜಿ48 ಜಾತಿಯ ಕೂಲಂಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ದಯವಿಟ್ಟು ಹಾಕಬೇಡಿ. ಬೆಂಗಳೂರಿನ ಬೋರ್ ನೀರು ಕುಕ್ಕರ್ ತಳದಲ್ಲಿ ಎಂಥ ಬಿಳಿ ಪದರ ಕಟ್ಟುತ್ತದೆ ನೋಡಿದ್ದೀರಲ್ವಾ, ರೇಡಿಯೇಟರ್ ಒಳಗೂ ಅದೇ ಕಟ್ಟುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ ಮೀಟರ್ ನೋಡುವುದು. ಇದರಲ್ಲಿ ಆಯಿಲ್ ಪ್ರೆಶರ್‌ಗೆ ಬೇರೆ ಮುಳ್ಳು ಇದೆ, 0ಯಿಂದ 3 ಬಾರ್ ತನಕ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ತಕ್ಷಣ ಅದು ಸರ್ರನೆ 3ಕ್ಕೆ ಏರಿ ಅಲ್ಲೇ ಅಂಟಿಕೊಳ್ಳುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಇಳಿದರೆ ಹೆದರಬೇಡಿ, ಆಕ್ಸಿಲರೇಟರ್ ಒತ್ತಿದಾಗ ಮತ್ತೆ ಏರಬೇಕು ಅಷ್ಟೇ. ಈಗಿನ ಹೆಚ್ಚಿನ ಕಾರುಗಳಲ್ಲಿ ಈ ಮುಳ್ಳೇ ಇಲ್ಲ, ಕೆಂಪು ದೀಪ ಹತ್ತುವ ಹೊತ್ತಿಗೆ ಎಂಜಿನ್ ಕಥೆ ಮುಗಿದಿರುತ್ತದೆ.

ಚಕ್ರ ಬಿಚ್ಚುವುದೂ ಇದರಲ್ಲಿ ಖುಷಿಯ ಕೆಲಸ. ನಟ್ ಅಲ್ಲ, ಬೋಲ್ಟ್. ಹಬ್‌ನಲ್ಲಿ ಸ್ಟಡ್ ಇಲ್ಲದ ಕಾರಣ ಚಕ್ರವನ್ನು ಎತ್ತಿ ಹಿಡಿದು ತೂತು ಹೊಂದಿಸುವುದು ಕಷ್ಟ ಅಂತ, ಟೂಲ್ ಕಿಟ್‌ನಲ್ಲೇ ಒಂದು ಉದ್ದನೆಯ ಪಿನ್ ಕೊಟ್ಟಿದ್ದಾರೆ. ಮೇಲಿನ ತೂತಿಗೆ ಪಿನ್ ತಿರುಗಿಸಿ, ಚಕ್ರವನ್ನು ಅದಕ್ಕೆ ನೇತುಹಾಕಿ, ಉಳಿದ ಬೋಲ್ಟ್ ಹಾಕಿ, ಪಿನ್ ತೆಗೆದು ಕೊನೆಯ ಬೋಲ್ಟ್ ಹಾಕಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಆ ಪಿನ್ ಇದೆಯಾ ಅಂತ ನಾನು ಮೊದಲು ನೋಡುತ್ತೇನೆ. ಅದು ಇದ್ದರೆ ಹಿಂದಿನ ಮಾಲೀಕರು ಕಾರನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಅರ್ಥ. ಬೋಲ್ಟ್ 17 ಎಂಎಂ, ಟಾರ್ಕ್ 110 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಕೊಳ್ಳಿ, ಪೈಪ್ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಲ್ಲಬೇಡಿ. ಹಿಂದಿನ ಬ್ರೇಕ್ ಪ್ಯಾಡ್ ಇನ್ನೂ ಸುಲಭ, ಎರಡು ಪಿನ್ ಹೊಡೆದು ತೆಗೆದರೆ ಪ್ಯಾಡ್ ಈಚೆ ಬರುತ್ತದೆ, ಕ್ಯಾಲಿಪರ್ ಬಿಚ್ಚಬೇಕಾಗಿಯೇ ಇಲ್ಲ. ಕಾರಿನ ಕೆಳಗೆ ಹೋಗುವಾಗ ಮಾತ್ರ ಜಾಕ್ ಒಂದನ್ನೇ ನಂಬಬೇಡಿ, ಜಾಕ್ ಸ್ಟ್ಯಾಂಡ್ ಇಲ್ಲದೆ ತಲೆ ಒಳಗೆ ಹಾಕಲೇಬೇಡಿ.

ಇಷ್ಟೆಲ್ಲಾ ಹೊಗಳಿದ್ದೇನೆ. ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ, ನಿಜ ಹೇಳಬೇಕೆಂದರೆ ಬರೆಯಲು ಕೂತದ್ದೇ ಇದಕ್ಕೆ.

1990ರ ದಶಕದ ಮೊದಲ ಭಾಗದಲ್ಲಿ, ಸುಮಾರು 1992ರಿಂದ 95ರ ತನಕ, ಬೆಂಜ್ ತನ್ನ ಪೆಟ್ರೋಲ್ ಎಂಜಿನ್‌ಗಳ ವೈರಿಂಗ್‌ಗೆ ಪರಿಸರಕ್ಕೆ ಒಳ್ಳೆಯದು ಅಂತ ಬೇಗ ಕರಗುವಂಥ ಇನ್ಸುಲೇಶನ್ ಬಳಸಿತು. ಮಣ್ಣಿಗೆ ಬಿದ್ದ ಮೇಲೆ ಕರಗಬೇಕಾದದ್ದು ಎಂಜಿನ್ ಬಿಸಿಗೆ ಕಾರಿನಲ್ಲೇ ಪುಡಿಯಾಗಲು ಶುರುವಾಯಿತು. ಲಕ್ಷಣ ಹೇಗೆ ಅಂದರೆ, ತಣ್ಣಗಿರುವಾಗ ಎಂಜಿನ್ ಚೆನ್ನಾಗಿರುತ್ತದೆ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಮಳೆಗಾಲದಲ್ಲಿ ಜಾಸ್ತಿ. ಇದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಆದರೆ ಹಿಂದಿನವರ ಹಾರ್ನ್ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ.

ಆಗ ನಾನು ಎಂಜಿನ್ ಕೆಲಸಕ್ಕೆ ಒಂದು ಹೆಸರಾಂತ ಗ್ಯಾರೇಜಿಗೆ ಕೊಡುತ್ತಿದ್ದೆ. ಅವರು ಪ್ಲಗ್ ಬದಲಿಸಿದರು. ಫ್ಯುಯಲ್ ಫಿಲ್ಟರ್ ಬದಲಿಸಿದರು. ಆಮೇಲೆ ಇಗ್ನಿಶನ್ ಕಾಯಿಲ್. ಆಮೇಲೆ ಏರ್ ಮಾಸ್ ಸೆನ್ಸರ್, ಅದರ ಬಿಲ್ ಒಂದೇ ನಾನು ಕಾರಿಗೆ ಅಂತ ತೆಗೆದಿಟ್ಟ ದುಡ್ಡನ್ನೆಲ್ಲಾ ಖಾಲಿ ಮಾಡಿತು. ಕೊನೆಗೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ, ಹೊರಗಿಂದ ತರಿಸಬೇಕು ಅಂದರು. ಇಷ್ಟರ ಮಧ್ಯೆ ಒಬ್ಬರೂ ಎಂಜಿನ್ ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ಬಗ್ಗಿಸಿ ನೋಡಲಿಲ್ಲ. ದೋಷ ಹುಡುಕುವ ಸ್ಕ್ಯಾನರ್ ಸಿಕ್ಕಿಸಲು ಈಗಿನ ಕಾರುಗಳಲ್ಲಿರುವ ಒಬಿಡಿ ಸಾಕೆಟ್ ಈ ಕಾರಿನಲ್ಲಿ ಇಲ್ಲ, ಎಂಜಿನ್ ಬೇ ಒಳಗೆ ಬೆಂಜ್‌ನದೇ ಬೇರೆ ಸಾಕೆಟ್ ಇರುತ್ತದೆ. ಅದಕ್ಕೆ ಹೊಂದುವ ಸ್ಕ್ಯಾನರ್ ಇಲ್ಲದವರು ಊಹೆಯ ಮೇಲೆ ಪಾರ್ಟ್ ಬದಲಿಸುತ್ತಾ ಹೋಗುತ್ತಾರೆ, ದುಡ್ಡು ಕೊಡುವವರು ನಾವು. ಹಾರ್ನೆಸ್ ಶಾರ್ಟ್ ಆದರೆ ಇಸಿಯು ನಿಜವಾಗಿಯೂ ಸುಡಬಹುದು. ಅಂದರೆ ಹೊಸ ಇಸಿಯು ತರಿಸಿ ಅದೇ ವೈರಿಗೆ ಸಿಕ್ಕಿಸಿದ್ದರೆ ಅದೂ ಹೋಗುತ್ತಿತ್ತು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕಾರನ್ನು ಮನೆಗೆ ತಂದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಬಾನೆಟ್ ನೆಟ್ಟಗೆ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಇಂಜೆಕ್ಟರ್‌ಗಳ ಕಡೆ ಹೋಗುವ ಹಾರ್ನೆಸ್ಸಿನ ಕಪ್ಪು ಕವಚವನ್ನು ಒಂದು ಇಂಚು ಸೀಳಿದೆ. ಒಳಗಿನ ಒಂದು ವೈರನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿದೆ. ಬಣ್ಣದ ಪದರ ಹಪ್ಪಳದ ಹಾಗೆ ಮುರಿದು ಉದುರಿತು. ಕೆಳಗೆ ಹಸಿರು ಹಿಡಿದ ಬೆತ್ತಲೆ ತಾಮ್ರ. ಪಕ್ಕದ ವೈರೂ ಹಾಗೇ, ಎರಡೂ ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ನೋಡಲು ಬೇಕಾಗಿದ್ದು ಒಂದು ಬ್ಲೇಡು, ಐದು ನಿಮಿಷ.

ಹೊಸ ಹಾರ್ನೆಸ್ ತರಿಸುವುದು ಒಂದು ದಾರಿ. ಹಾಗೆ ತರಿಸುವುದಾದರೆ ಅದರ ಮೇಲಿನ ತಾರೀಖಿನ ಚೀಟಿ ನೋಡಿ, ಇನ್ಸುಲೇಶನ್ ಬದಲಾದ ಮೇಲೆ ತಯಾರಾದದ್ದೇ ಬೇಕು. ಗೋಡೌನಿನಲ್ಲಿ ಕೊಳೆಯುತ್ತಿದ್ದ 1994ರ ಹೊಸ ಹಾರ್ನೆಸ್ ಅಗ್ಗಕ್ಕೆ ಸಿಕ್ಕರೂ ಬೇಡ. ನನ್ನ ಬಜೆಟ್‌ಗೆ ಹೊಸದು ಆಗಲಿಲ್ಲ, ಹಳೆಯದನ್ನೇ ಬಿಚ್ಚಿ ಒಂದೊಂದೇ ವೈರ್ ಬದಲಿಸಿದೆ. ಎಸ್.ಪಿ. ರಸ್ತೆಯಲ್ಲಿ ಬಿಸಿ ತಡೆಯುವ ಸಿಲಿಕಾನ್ ವೈರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸಾಮಾನ್ಯ ಪಿವಿಸಿ ವೈರ್ ಎಂಜಿನ್ ಪಕ್ಕದಲ್ಲಿ ಬೇಡ. ಹಳೇ ವೈರ್ ಎಷ್ಟು ದಪ್ಪ ಇದೆಯೋ ಹೊಸದೂ ಅಷ್ಟೇ ಇರಲಿ. ಕ್ರ್ಯಾಂಕ್ ಸೆನ್ಸರ್ ಮತ್ತು ನಾಕ್ ಸೆನ್ಸರ್‌ಗೆ ಹೋಗುವ ವೈರ್ ಶೀಲ್ಡೆಡ್ (ಸುತ್ತ ಲೋಹದ ಪದರ ಇರುವಂಥದ್ದು) ಆಗಿರುತ್ತದೆ, ಅಲ್ಲಿ ಶೀಲ್ಡೆಡ್ ವೈರನ್ನೇ ಹಾಕಬೇಕು, ಇಲ್ಲದಿದ್ದರೆ ಇಸಿಯುಗೆ ಇಲ್ಲಸಲ್ಲದ ಸಿಗ್ನಲ್ ಹೋಗುತ್ತದೆ. ಸೋಲ್ಡರ್ ಮಾಡಿದ ಜಾಗ ಎಂಜಿನ್ ನಡುಕಕ್ಕೆ ಗಡುಸಾಗಿ ಮುರಿಯುತ್ತದೆ, ಆದ್ದರಿಂದ ವೈರನ್ನು ಒತ್ತಿ ಕೂಡಿಸುವ ಒಳ್ಳೆಯ ಕ್ರಿಂಪಿಂಗ್ ಟೂಲ್‌ಗೆ ದುಡ್ಡು ಹಾಕಿ.

ಇನ್ನೊಂದು ಮುಖ್ಯವಾದದ್ದು. ನಮ್ಮ ಎಷ್ಟೋ ಎಲೆಕ್ಟ್ರಿಷಿಯನ್‌ಗಳಿಗೆ ಕಪ್ಪು ವೈರ್ ಅಂದರೆ ಅರ್ಥ್ ಅನ್ನುವ ಅಭ್ಯಾಸ. ಜರ್ಮನ್ ಕಾರಿನಲ್ಲಿ ಅರ್ಥ್ ಅಂದರೆ ಕಂದು. ಕಪ್ಪಿನಲ್ಲಿ ಕರೆಂಟ್ ಇರುತ್ತದೆ. ಬೇರೆಯವರ ಕೈಗೆ ಕೊಟ್ಟರೂ ಇದನ್ನು ಮೊದಲೇ ಹೇಳಿಬಿಡಿ.

ಡೈನಿಂಗ್ ಟೇಬಲ್ ಮೇಲೆ ಹಳೇ ಹಾರ್ನೆಸ್ ಉದ್ದಕ್ಕೆ ಹರಡಿ, ಪ್ರತಿ ತುದಿಗೂ ನಂಬರ್ ಚೀಟಿ ಅಂಟಿಸಿ, ಒಂದು ವೈರ್ ತೆಗೆದು ಒಂದು ಹಾಕಿ, ಪ್ರತಿ ಸಲ ಮಲ್ಟಿಮೀಟರ್ ಬೀಪ್ ಕೇಳಿಸಿಕೊಂಡು ಮುಂದಕ್ಕೆ ಹೋಗಿದ್ದು. ಹಲವು ವಾರಾಂತ್ಯಗಳು ಹಿಡಿಯಿತು. ಮನೆಯವರು ನೆಲದ ಮೇಲೆ ಕೂತು ಊಟ ಮಾಡಿದರು, ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ, ಮಗಳು ಚೀಟಿಗಳ ಮೇಲೆ ನಂಬರ್ ಬರೆದುಕೊಟ್ಟಳು. ಕೊನೆಗೆ ಜೋಡಿಸಿ ಕೀ ತಿರುಗಿಸಿದಾಗ ಎಂಜಿನ್ ಸದ್ದೇ ಬೇರೆಯಾಗಿತ್ತು. ಬಿಸಿಯಾದ ಮೇಲೂ ಆರ್‌ಪಿಎಂ ಮುಳ್ಳು ಅಲ್ಲಾಡಲಿಲ್ಲ. ಹಳೇ ಇಸಿಯುವೇ ಈಗಲೂ ಓಡುತ್ತಿದೆ.

ಆ ಕೆಲಸ ಮುಗಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ವೈರಿನ ಮೇಲಿನ ಸಿಟ್ಟು ಉಳಿಯಿತು, ಕಾರಿನ ಮೇಲಿನ ಸಿಟ್ಟು ಹೋಯಿತು. ಯಾಕೆಂದರೆ ಇಷ್ಟು ದೊಡ್ಡ ದೋಷವನ್ನೂ ಮನೆಯಲ್ಲೇ ಸರಿ ಮಾಡಲು ಬಿಡುವ ಲಕ್ಷುರಿ ಕಾರು ಈಗ ಎಲ್ಲಿದೆ? ಡಬ್ಲ್ಯೂ210 ಆದ ಮೇಲೆ ಬಂದ ಡಬ್ಲ್ಯೂ211 ಈಗ ಅಗ್ಗಕ್ಕೆ ಸಿಗುತ್ತದೆ, ಎಷ್ಟೋ ಜನ ಕೇಳುತ್ತಾರೆ. 2006ಕ್ಕೆ ಮುಂಚಿನ ಡಬ್ಲ್ಯೂ211ರಲ್ಲಿ ಎಸ್‌ಬಿಸಿ ಅನ್ನುವ ಎಲೆಕ್ಟ್ರಾನಿಕ್ ಬ್ರೇಕ್ ಇದೆ. ಪ್ಯಾಡ್ ಬದಲಿಸುವ ಮೊದಲು ಅದನ್ನು ಡಿಆಕ್ಟಿವೇಟ್ ಮಾಡಬೇಕು, ಇಲ್ಲದಿದ್ದರೆ ಅದು ತಾನಾಗಿಯೇ ಪ್ರೆಶರ್ ಕೊಟ್ಟು ಬೆರಳು ಸಿಕ್ಕಿಕೊಳ್ಳಬಹುದು. ಕೈಯಾರೆ ಮಾಡುವ ಆಸೆ ಇದ್ದವರಿಗೆ ಅದು ಬೇಡ ಅಂತಲೇ ನನ್ನ ಮಾತು.

ಪಾರ್ಟ್ ಹುಡುಕುವುದು ಅಂದುಕೊಂಡಷ್ಟು ಕಷ್ಟ ಇಲ್ಲ. ಪಾರ್ಟ್ ನಂಬರಿನ ಮೊದಲ ಮೂರು ಅಂಕಿ ನೋಡಿ. 124 ಅಂದರೆ ಈ ಬಾಡಿಯದು, 111 ಅಂದರೆ ಎಂಜಿನಿನದು, 201 ಅಂದರೆ ಬೆಂಜ್‌ನದೇ 190 ಮಾಡೆಲ್‌ಗೆ ಮಾಡಿ ಇದಕ್ಕೂ ಹಾಕಿದ್ದು. ನಂಬರ್ ಬರೆದುಕೊಂಡು ಜೆ.ಸಿ. ರಸ್ತೆಗೆ ಹೋದರೆ ಅಂಗಡಿಯವರು ಮಾತಾಡುವ ರೀತಿಯೇ ಬೇರೆ. ಸುಮ್ನೆ ಬೆಂಜ್ ಬುಷ್ ಕೊಡಿ ಅಂತ ಕೇಳಿದರೆ ರೇಟೂ ಬೇರೆ. ಸಸ್ಪೆನ್ಶನ್‌ಗೆ ಲೆಮ್‌ಫರ್ಡರ್, ಫಿಲ್ಟರ್‌ಗೆ ಮಾನ್ ಬ್ರ್ಯಾಂಡ್ ನನಗೆ ಚೆನ್ನಾಗಿ ಬಾಳಿಕೆ ಬಂದಿವೆ. ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ಕಡೆ ಇರುವ ರಬ್ಬರ್ ಡಿಸ್ಕ್‌ಗಳಲ್ಲಿ ಬಿರುಕು ಇದೆಯಾ ಅಂತ ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ. ಮುಂದಿನ ಒಂದೇ ವೈಪರ್ ಈ ಕಾರಿನ ಇನ್ನೊಂದು ಚಂದ, ಒಳಗೆ ಹೊರಗೆ ಉದ್ದವಾಗುತ್ತಾ ಗಾಜಿನ 86 ಪರ್ಸೆಂಟ್ ಒರೆಸುತ್ತದೆ. ಅದರ ಗೇರಿನ ಗ್ರೀಸ್ ಒಣಗಿದರೆ ನಿಧಾನವಾಗುತ್ತದೆ. ಜೂನ್ ಮಳೆಗೆ ಮುಂಚೆ ಬಿಚ್ಚಿ ಹೊಸ ಗ್ರೀಸ್ ತುಂಬಿ.

ಹೊಸ ತಲೆನೋವು ಇ20 ಪೆಟ್ರೋಲ್. ಈ ಕಾರು ಮಾಡಿದಾಗ 20 ಪರ್ಸೆಂಟ್ ಎಥನಾಲ್ ಯಾರ ತಲೆಯಲ್ಲೂ ಇರಲಿಲ್ಲ. ಹಳೇ ರಬ್ಬರ್ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಅಥವಾ ಮೆತ್ತಗಾಗಿದ್ದರೆ ಎಥನಾಲ್ ತಡೆಯುವ ಹೋಸ್ ಹಾಕಿ, ಕ್ಲಿಪ್ಪೂ ಹೊಸದಾಗಿರಲಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದು ತಮಾಷೆ ಅಲ್ಲ. ಕಾಗದದ ಖರ್ಚೂ ಏರಿದೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿದರು. ದೆಹಲಿಯಲ್ಲಿ ತಂದಿದ್ದ ಹಾಗೆ 15 ವರ್ಷಕ್ಕೆ ಪೆಟ್ರೋಲ್ ಕಾರನ್ನೇ ರಸ್ತೆಗೆ ಬಿಡದ ನಿಯಮ ನಮ್ಮಲ್ಲಿ ಇಲ್ಲ, ಅಷ್ಟು ಸಮಾಧಾನ.

ಯಾರು ಕೊಳ್ಳಬಹುದು? ಸ್ವಂತ ಪೋರ್ಟಿಕೊ ಅಥವಾ ಗೇಟಿನ ಒಳಗೆ ಜಾಗ ಇರುವವರು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಆಯಿಲ್ ಬದಲಿಸಲು ಹೋದರೆ ಸಂಘದವರು ನೋಟಿಸ್ ಕಳಿಸುತ್ತಾರೆ. ದಿನಾ ಆಫೀಸಿಗೆ ಇದೊಂದೇ ಕಾರು ಅನ್ನುವವರಿಗೆ ನಾನು ಹೇಳುವುದಿಲ್ಲ, ಕೆಲಸ ಅರ್ಧಕ್ಕೆ ನಿಂತಾಗ ಓಡಾಡಲು ಇನ್ನೊಂದು ಗಾಡಿ ಬೇಕು. 1992ರಿಂದ 95ರ ಪೆಟ್ರೋಲ್ ಕಾರು ನೋಡಲು ಹೋದರೆ ಹಾರ್ನೆಸ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಮಾಲೀಕರ ಅನುಮತಿ ಪಡೆದು ಕವಚದ ತುದಿ ಸರಿಸಿ ನೋಡಿ, ವೈರ್ ಪುಡಿ ಉದುರಿದರೆ ಹೊಸ ಹಾರ್ನೆಸ್ಸಿನ ಬೆಲೆ ಕಳೆದು ಮಾತಾಡಿ. ನನಗೆ ಇನ್ನು ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ಆಕ್ಚುಯೇಟರ್ ಉಳಿದಿದೆ. ಅದರ ಒಳಗಿನ ವೈರೂ ಅದೇ ಕಾಲದ ಅದೇ ಜಾತಿಯದು, ಆಯುಧಪೂಜೆಗೆ ಮುಂಚೆ ಬಿಚ್ಚಬೇಕು ಅಂತ ಸಿಲಿಕಾನ್ ವೈರ್ ತಂದಿಟ್ಟಿದ್ದೇನೆ. ಯಾರಾದರೂ ಅದರ ಡಬ್ಬಿಯನ್ನು ಒಡೆಯದೆ ತೆಗೆದಿದ್ದರೆ ದಯವಿಟ್ಟು ಹೇಗೆ ಅಂತ ಕೆಳಗೆ ಬರೆಯಿರಿ.