ನಳಿ ಜೋಡಿಸೋ ಮೊದಲು ‘ಸುಮ್ನ ಒಂದ್ ಸಲ ದುರ್ಬೀನ್ ಹಾಕಿ ನೋಡೂಣು’ ಅಂದರೆ ಅಲ್ಲೇ ನಿಲ್ಲಿ

ಕುಟುಂಬ ಯೋಜನೆ ಆಪರೇಶನ್ ಆಗಿದ್ದು, ಈಗ ಮತ್ತೆ ನಳಿ (ಗರ್ಭನಾಳ) ಜೋಡಿಸಿಕೊಳ್ಳಬೇಕು ಅಂತ ಕಲಬುರಗಿಗೆ ಬರುವವರು ಇದನ್ನು ಓದಿ. ದುರ್ಬೀನ್ ಅಂದರೆ ಲ್ಯಾಪ್ರೋಸ್ಕೋಪಿ, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವುದು. ಸೇಡಂ, ಚಿತ್ತಾಪುರ, ಯಾದಗಿರಿ, ಶಹಾಪುರ ಕಡೆಯವರು ಬಸ್ಸು ಹತ್ತುವ ಮೊದಲೇ ಓದಿ. ದವಾಖಾನೆ ಹೆಸರು ಹಾಕುವುದಿಲ್ಲ, ಕೇಳಬೇಡಿ. ಅಲ್ಲಿ ಆಡುವ ಮಾತು ಹೇಗಿರುತ್ತದೆ ಅನ್ನೋದನ್ನ ಗುರುತಿಟ್ಟುಕೊಳ್ಳಿ, ಸಾಕು.

ಸೇಡಂ ತಾಲೂಕಿನ ಗಂಡ-ಹೆಂಡತಿ. ಆಕೆಗೆ 33. 2017ರಲ್ಲಿ ಕ್ಯಾಂಪಿನಲ್ಲಿ ಆಪರೇಶನ್ ಆಗಿತ್ತು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಲ್ಯಾಪ್ರೋಸ್ಕೋಪಿ, ರಿಂಗ್’ ಅಂತ ಒಡೆದು ಕಾಣುವಂತೆ ಬರೆದಿತ್ತು. ಕಾರ್ಡು ಮೇಜಿನ ಮೇಲಿಟ್ಟರೆ ಡಾಕ್ಟರು ತಿರುಗಿಸಿಯೂ ನೋಡಲಿಲ್ಲ. ‘ಒಳಗ ಏನಾಗ್ಯದ ನೋಡಲಾರದೆ ಹೆಂಗ ಹೇಳ್ಲಿ? ಮೊದ್ಲು ದುರ್ಬೀನ್ ಹಾಕಿ ನೋಡೂಣು. ನಳಿ ಚಲೋ ಇದ್ರ ಆಮ್ಯಾಲ ಜೋಡಣಿಗೆ ತಾರೀಖು ಕೊಡ್ತೀನಿ.’

ನ್ಯಾಯವಾದ ಮಾತೇ ಅನಿಸುತ್ತದೆ ಅಲ್ಲವಾ? ಅವರ ಜೊತೆ ಹೋಗಿದ್ದ ನಮಗೂ ಅನಿಸಿತು. ಓಟಿ (ಆಪರೇಶನ್ ಥಿಯೇಟರ್) ಕೆಲಸ ಬಲ್ಲ ನಾವೇ ಪಕ್ಕದಲ್ಲಿ ನಿಂತು ಸಹಿ ಹಾಕಿಸಿದ್ದು. 32,000 ರೂಪಾಯಿ. ನಾಚಿಕೆ ಆಗುತ್ತಿರುವುದು ಅದಕ್ಕೇ.

ಯಾಕೆ ಮೋಸ ಅನ್ನುತ್ತೇನೆ ಕೇಳಿ. ಹೆಣ್ಣಿನ ಗರ್ಭನಾಳ 10ರಿಂದ 12 ಸೆಂಟಿಮೀಟರ್ ಉದ್ದ. ರಿಂಗ್ ಅಂದರೆ ನಳಿಯ ಒಂದು ಕುಣಿಕೆಯನ್ನು ಎಳೆದುಕೊಂಡು ಬುಡಕ್ಕೆ ಸಣ್ಣ ಸಿಲಾಸ್ಟಿಕ್ (ರಬ್ಬರಿನಂಥ) ಬಳೆ ಕೂರಿಸುವುದು. ಅದರಲ್ಲಿ ಸಾಯುವ ಭಾಗ ಹೆಚ್ಚೆಂದರೆ 3 ಸೆಂಟಿಮೀಟರ್. ಕ್ಲಿಪ್ ಆದರೆ ಅರ್ಧ ಸೆಂಟಿಮೀಟರ್ ಆಸುಪಾಸು. ಹೊಟ್ಟೆ ಸಣ್ಣಗೆ ಕೊಯ್ದು ಕಟ್ಟಿ ಕತ್ತರಿಸುವ ಪೊಮೆರಾಯ್ ಪದ್ಧತಿಯಲ್ಲಿ 3-4 ಹೋಗುತ್ತದೆ. ಕರೆಂಟಿನಿಂದ ಸುಟ್ಟಿದ್ದರೆ ಇನ್ನೂ ಜಾಸ್ತಿ, ಎಲ್ಲಿಯವರೆಗೆ ಸುಟ್ಟಿದೆ ಅಂತ ಹೊರಗಿಂದ ತಿಳಿಯೋದೂ ಇಲ್ಲ. ಅಂಡ ಹಿಡಿಯುವ ಜಾಲರಿ ತುದಿಯನ್ನೇ ಕತ್ತರಿಸಿದ್ದರೆ ಜೋಡಿಸಲು ಏನೂ ಉಳಿದಿರುವುದಿಲ್ಲ. ಜೋಡಿಸಿದ ಮೇಲೆ ನಳಿ 4 ಸೆಂಟಿಮೀಟರಾದರೂ ಉಳಿಯಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ಈಗ ಲೆಕ್ಕ ಹಾಕಿ. ರಿಂಗ್ ಅಂತ ಕಾರ್ಡಿನಲ್ಲಿದೆ, ಬೇರೆ ಹೊಟ್ಟೆ ಆಪರೇಶನ್ ಆಗಿಲ್ಲ, ಟಿಬಿ ಇಲ್ಲ, ಸೋಂಕಿನ ಇತಿಹಾಸ ಇಲ್ಲ. ಅಂಥವಳಿಗೆ ನೋಡೋದಕ್ಕೆ ಅಂತಲೇ ಒಂದು ಸಲ ಬೇಹೋಷ್, ಜೋಡಿಸೋದಕ್ಕೆ ಇನ್ನೊಂದು ಸಲ ಬೇಹೋಷ್ ಯಾಕೆ? ಹೊಕ್ಕುಳಲ್ಲಿ ದುರ್ಬೀನ್ ಇಳಿಸಿ ನೋಡಿ, ಸರಿ ಇದ್ದರೆ ಅದೇ ಬೇಹೋಷಿಯಲ್ಲಿ ಜೋಡಿಸಬಹುದು. ಇಲ್ಲದಿದ್ದರೆ ಒಂದೆರಡು ಟಾಂಕಾ ಹಾಕಿ ಹೊರಗೆ ಬರಬಹುದು. ಒಪ್ಪಿಗೆ ಪತ್ರದಲ್ಲಿ ಎರಡನ್ನೂ ಬರೆಸಿ, ಎರಡಕ್ಕೂ ಬೇರೆ ಬೇರೆ ರೇಟು ಮೊದಲೇ ಹೇಳಿಸಿಕೊಂಡರೆ ಮುಗಿಯಿತು.

ಬೇರೆಯಾಗಿ ನೋಡಲೇಬೇಕಾದ ಕೇಸು ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಕಾರ್ಡೇ ಇಲ್ಲ, ಸುಟ್ಟಿದ್ದಾರೆ, ತುದಿ ಕತ್ತರಿಸಿದ ಅನುಮಾನ ಇದೆ, ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಅಂಟಿಕೊಂಡಿರಬಹುದು, ಟಿಬಿ ಆಗಿತ್ತು, ಇಲ್ಲಾ ವಯಸ್ಸು 38-39 ಆಗಿ ಜೋಡಣೆಯಾ ಐವಿಎಫ್ಫಾ (ಟೆಸ್ಟ್ ಟ್ಯೂಬ್ ಬೇಬಿ) ಅಂತ ತೀರ್ಮಾನ ಆಗಬೇಕಿದೆ. ಅಂಥವರಿಗೆ ಸರಿ. ಆದರೂ ನೋಡುವವರು ಜೋಡಿಸುವವರೇ ಆಗಿರಬೇಕು. ಇಲ್ಲದಿದ್ದರೆ ಕಂಡದ್ದೆಲ್ಲ ಅಳತೆ ಸಮೇತ ದಾಖಲಾಗಿ ಕೈಗೆ ಸಿಗಬೇಕು.

ದುರ್ಬೀನ್ ಆದ ಮೇಲೆ ಸೇಡಂ ಕಡೆಯ ಇವರಿಗೆ ಸಿಕ್ಕಿದ್ದು ಏನು ಗೊತ್ತಾ? ಅರ್ಧ ಪುಟ. ‘ಎರಡೂ ಟ್ಯೂಬ್ ನೋಡಲಾಯಿತು. ಬಣ್ಣ ಹಾಕಿದಾಗ ಎರಡೂ ಕಡೆ ಹೊರಬರಲಿಲ್ಲ. ಟ್ಯೂಬ್ ಬ್ಲಾಕ್. ಜೋಡಣೆಗೆ ಯೋಗ್ಯ.’ ಗರ್ಭಕೋಶದ ಕಡೆಯಿಂದ ನಳಿಗೆ ಬಣ್ಣದ ನೀರು ಬಿಟ್ಟು ನೋಡುವ ಈ ಪರೀಕ್ಷೆಗೆ ಅಂತಲೇ ಬಿಲ್ಲಿನಲ್ಲಿ 3,500 ಬೇರೆ! ಅಲ್ಲ ಸ್ವಾಮಿ, ಕಟ್ಟಿದ ನಳಿಯಿಂದ ಬಣ್ಣ ಹೊರಗೆ ಬರೋದಾದರೂ ಹೆಂಗೆ? ಬಂದಿದ್ದರೆ ಆಪರೇಶನ್ನೇ ಫೇಲ್ ಅಂತ ಅರ್ಥ. ಆ ಪರೀಕ್ಷೆಯಿಂದ ತಿಳಿಯಬೇಕಾದದ್ದು ಬೇರೆ: ಗರ್ಭಕೋಶದ ಕಡೆಯ ತುಂಡಿನಲ್ಲಿ ಬಣ್ಣ ರಿಂಗಿನವರೆಗೂ ತುಂಬಿತಾ, ಮೂಲೆಯಲ್ಲೇ ತಡೆಯಿತಾ. ಅದೊಂದನ್ನು ಬರೆದಿಲ್ಲ. ಗರ್ಭಕೋಶದ ಕಡೆ ಎಷ್ಟು ಸೆಂಟಿಮೀಟರ್, ಅಂಡಾಶಯದ ಕಡೆ ಎಷ್ಟು, ಜಾಲರಿ ತುದಿ ಅರಳಿದೆಯಾ, ಅಂಟು ಇದೆಯಾ, ಯಾವುದೂ ಇಲ್ಲ. ಫೋಟೊ ಒಂದೂ ಇಲ್ಲ.

ಕೇಳಿದರೆ ಏನಂದರು? ‘ಯೋಗ್ಯ ಅಂತ ಬರದೀವಲ್ರೀ, ಇನ್ನೇನ್ ಬೇಕು?’ ಅಳತೆ? ‘ದುರ್ಬೀನ್ದಾಗ ಅಳತಿ ಬರಂಗಿಲ್ಲ.’ ಬರುತ್ತದೆ. ಒಳಗಿರುವ ಉಪಕರಣದ ಬಾಯಿ ಎಷ್ಟು ಮಿಲಿಮೀಟರ್ ಅಂತ ಗೊತ್ತೇ ಇರುತ್ತದೆ, ಅದನ್ನು ಪಕ್ಕಕ್ಕೆ ಹಿಡಿದು ಅಂದಾಜು ಮಾಡುತ್ತಾರೆ. ವಿಡಿಯೋ? ‘ನಮ್ಮ ಮಷಿನ್ ರೆಕಾರ್ಡ್ ಮಾಡಂಗಿಲ್ರೀ.’ ಸರಿ, ಜೋಡಣೆ ಯಾವಾಗ? ಆಗ ಬಂತು ನೋಡಿ ಉತ್ತರ. ‘ಅದು ನಾವ್ ಮಾಡಂಗಿಲ್ಲ. ಸೋಲಾಪುರಕ್ಕ ಹೋಗ್ರಿ, ಇಲ್ಲಾ ಹೈದರಾಬಾದಿಗೆ.’

ಜೋಡಣೆ ಮಾಡದ ದವಾಖಾನೆ, ಜೋಡಣೆಗೆ ಯೋಗ್ಯವಾ ಅಂತ ಹೊಟ್ಟೆ ತೂತು ಮಾಡಿ ನೋಡಿತ್ತು! ಮೊದಲ ದಿನ ಆ ಒಂದು ಪ್ರಶ್ನೆ ಕೇಳಲಿಲ್ಲ ನಾವು. ‘ತಾರೀಖು ಕೊಡ್ತೀನಿ’ ಅಂದವರು ಜೋಡಿಸುತ್ತಾರೆ ಅಂತಲೇ ತಿಳಿದಿದ್ದು. ಸೋಲಾಪುರದಲ್ಲಿ ಆ ಅರ್ಧ ಪುಟ ಓದಿ ವಾಪಸ್ ಕೊಟ್ಟರು. ‘ಇದರಲ್ಲಿ ಏನೂ ಇಲ್ಲ, ನಾನೇ ನೋಡಬೇಕು.’ ತಪ್ಪೇನಿಲ್ಲ, ಕೂದಲಿಗಿಂತ ಸಣ್ಣ 8-0 ದಾರದಲ್ಲಿ ಹೊಲಿಯುವವರು ಇನ್ನೊಬ್ಬರ ಒಂದು ಸಾಲು ನಂಬಿ ಯಾಕೆ ಕೈ ಹಾಕಬೇಕು?

ಇನ್ನೂ ಕೆಟ್ಟದ್ದು ಮುಂದಿದೆ. ಸೋಲಾಪುರದವರು ಮೊದಲು ಗಂಡನ ವೀರ್ಯ ಪರೀಕ್ಷೆ ಮಾಡಿಸಿದರು. ಒಂದು ಎಂಎಲ್‌ಗೆ 30 ಲಕ್ಷ ವೀರ್ಯಾಣು. ಕನಿಷ್ಠ ಮಟ್ಟ ಅಂತ ನೋಡುವುದು 1 ಕೋಟಿ 60 ಲಕ್ಷ. ಜ್ವರ ಬಂದಿದ್ದರೂ ಈ ಸಂಖ್ಯೆ ಇಳಿಯುತ್ತದೆ, ಅದಕ್ಕೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಆಗಲೂ ಅಷ್ಟೇ ಬಂದರೆ ನಳಿ ಎಷ್ಟು ಚೆಂದ ಇದ್ದರೂ ಜೋಡಣೆಯಿಂದ ಪ್ರಯೋಜನ ಕಡಿಮೆ, ಐವಿಎಫ್ ದಾರಿಯೇ. ಕೆಲವು ನೂರು ರೂಪಾಯಿಯ ಪರೀಕ್ಷೆ! 32,000ದ ದುರ್ಬೀನಿಗೆ ಮೊದಲು ಯಾಕೆ ಮಾಡಿಸಲಿಲ್ಲ ಅಂದರೆ ಕಲಬುರಗಿಯವರ ಉತ್ತರ: ‘ಮೊದ್ಲ ಮಕ್ಕಳ ಆಗ್ಯಾವಲ್ಲ, ಗಂಡಸ್ರ ಟೆಸ್ಟ್ ಅಂದ್ರ ಜನ ಸಿಟ್ಟಿಗೇಳ್ತಾರ.’ ಹೆಂಗಸಿನ ಹೊಟ್ಟೆಗೆ ತೂತು ಹಾಕಿದರೆ ಯಾರೂ ಸಿಟ್ಟಿಗೇಳುವುದಿಲ್ಲ ಅನ್ನೋ ಲೆಕ್ಕ.

ಹಾಗಾಗಿ ಮೊದಲು ಕಾಗದ. ಕಾರ್ಡು ಕಳೆದಿದ್ದರೆ ಆಪರೇಶನ್ ಆದ ಆಸ್ಪತ್ರೆಯ ರಿಜಿಸ್ಟರ್ ತೆಗೆಸಿ. ಅದೂ ಸಿಗದಿದ್ದರೆ ಗಾಯದ ಗುರುತು ನೋಡಿ. ಹೊಕ್ಕುಳ ಹತ್ತಿರ ಒಂದು ಸೆಂಟಿಮೀಟರಿನ ಗೆರೆ ಮಾತ್ರ ಇದ್ದರೆ ಬಹುಪಾಲು ರಿಂಗು. ಹೆರಿಗೆಯಾದ ಒಂದೆರಡು ದಿನಕ್ಕೆ ಹೊಕ್ಕುಳ ಕೆಳಗೆ ಎರಡು-ಮೂರು ಸೆಂಟಿಮೀಟರ್ ಕೊಯ್ದಿದ್ದರೆ ಕಟ್ಟಿ ಕತ್ತರಿಸಿದ್ದು. ಸಿಸೇರಿಯನ್ ಜೊತೆಗೇ ಆಗಿದ್ದರೂ ಸಾಮಾನ್ಯವಾಗಿ ಹಾಗೇ. ಆಮೇಲೆ ಗಂಡನ ಪರೀಕ್ಷೆ, ಎರಡರಿಂದ ಏಳು ದಿನ ಸಂಗದಿಂದ ದೂರ ಇದ್ದು. ಆಮೇಲೆ ಆಕೆಯ ಎಎಂಎಚ್ (ಅಂಡ ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತ ಪರೀಕ್ಷೆ) ಮತ್ತು ಸ್ಕ್ಯಾನ್. ಎಚ್‌ಎಸ್‌ಜಿ ಅಂದರೆ ಗರ್ಭಕೋಶಕ್ಕೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇಯಲ್ಲಿ ಗರ್ಭಕೋಶದ ಒಳಗು, ಕಟ್ಟಿದ ಜಾಗದವರೆಗಿನ ನಳಿ ಕಾಣುತ್ತದೆ, ಆಚೆ ತುದಿ ಕಾಣುವುದಿಲ್ಲ. ಅದಕ್ಕೇ ದುರ್ಬೀನ್ ಕೊನೆಗೆ. ‘ಜೋಡಣೆ ಮಾಡುವವರು ನೀವೇನಾ? ಅದೇ ದಿನ ಮಾಡುತ್ತೀರಾ?’ ಕೇಳಿ, ಉತ್ತರ ಬರೆಸಿಕೊಂಡು ಆಮೇಲೆ ರೊಕ್ಕ ಕಟ್ಟಿ.

ದಾಖಲೆ ಬೇಕು ಅಂತ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ನಿಯಮದಲ್ಲೇ ಇದೆ. ನಾವೂ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡು ಇವತ್ತಿಗೆ ಒಂಬತ್ತು ದಿನ. ಮಷಿನ್ ರೆಕಾರ್ಡೇ ಮಾಡುವುದಿಲ್ಲ ಅಂದಿದ್ದ ಅದೇ ಕೌಂಟರಿನಿಂದ ನಿನ್ನೆ ಬಂದ ಉತ್ತರ: ‘ಸಿಡಿ ಹಾಕೋ ಹುಡುಗ ರಜಾ ಮ್ಯಾಲ ಹೋಗ್ಯಾನ, ಸೋಮವಾರ ಬರ್ರಿ.’