ವಹಾಕದ ಕಲ್ಲು ಜಲಪಾತಕ್ಕೆ ‘ಐದು ಜಾಗ, ಒಂದೇ ದಿನ’ ಟೂರ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ಮೆಕ್ಸಿಕೊದ ವಹಾಕ ನಗರಕ್ಕೆ ಹೋಗಿ, ಅಲ್ಲಿಂದ ಇಯೆರ್ವೆ ಎಲ್ ಆಗ್ವಾ ಅನ್ನುವ ಕಲ್ಲಿನ ಜಲಪಾತ ನೋಡಿಕೊಂಡು ಬರೋಣ ಅಂತ ಇರುವವರು ದಯವಿಟ್ಟು ಬೀದಿಯಲ್ಲಿ ಮಾರುವ ‘ಐದು ಜಾಗ, ಒಂದೇ ದಿನ’ ಟೂರ್ ತೆಗೆದುಕೊಳ್ಳಬೇಡಿ. ನಮಗೆ ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ. ಅಮೆರಿಕದಲ್ಲಿರುವ ನಮ್ಮ ಕಡೆಯವರು ಈಗೀಗ ಮೆಕ್ಸಿಕೊಗೆ ಜಾಸ್ತಿ ಹೋಗುತ್ತಿದ್ದಾರೆ. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಅಲ್ಲಿಗೆ ಬೇರೆ ವೀಸಾ ಬೇಡ. ಹಾಗಾಗಿ ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಲು ಸುಲಭ. ನಾವು ಹ್ಯೂಸ್ಟನ್‌ನಿಂದ ಹೋದದ್ದೂ ಹಾಗೆಯೇ, ಅಪ್ಪ ಅಮ್ಮನ ಜೊತೆ.

ಮೊದಲು ಆ ಜಾಗ ಎಂಥದ್ದು ಅಂತ ಹೇಳಬೇಕು. ಇಲ್ಲದಿದ್ದರೆ ನನಗೆ ಯಾಕೆ ಇಷ್ಟು ಸಂಕಟ ಆಗಿದೆ ಅನ್ನುವುದು ತಿಳಿಯುವುದಿಲ್ಲ. ವಹಾಕದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಅಂಚಿನಲ್ಲಿ, ನೆಲದಿಂದ ಸಣ್ಣ ಸಣ್ಣ ಬುಗ್ಗೆಗಳು ಏಳುತ್ತವೆ. ಆ ನೀರಿನಲ್ಲಿ ಸುಣ್ಣದ ಅಂಶ ತುಂಬಾ. ಅದು ಬಂಡೆಯ ಅಂಚಿನಿಂದ ಸಾವಿರಾರು ವರ್ಷ ತೊಟ್ಟಿಕ್ಕಿ, ಸುಣ್ಣ ಪದರದ ಮೇಲೆ ಪದರ ಕೂತು ಗಟ್ಟಿಯಾಗಿ, ಇಡೀ ಜಲಪಾತವೇ ಕಲ್ಲಾಗಿ ನಿಂತ ಹಾಗೆ ಕಾಣುತ್ತದೆ. ಇಂಥವು ಎರಡಿವೆ. ಚಿಕ್ಕದರ ತಲೆಯ ಮೇಲೆ ಕೊಳಗಳಿವೆ, ಫೋಟೊಗಳಲ್ಲಿ ಎಲ್ಲರೂ ನೋಡಿರುವುದು ಅದನ್ನೇ. ದೊಡ್ಡದು ಸುಮಾರು 30 ಮೀಟರ್ ಎತ್ತರ, ಎದುರು ಬದಿಯಲ್ಲಿದೆ. ಅದರ ಬುಡಕ್ಕೆ ಹೋಗಬೇಕಾದರೆ ಕಾಲುದಾರಿಯಲ್ಲಿ ಇಳಿದು ಮತ್ತೆ ಹತ್ತಬೇಕು. ವಯಸ್ಸಾದವರು ಜೊತೆಗಿದ್ದರೆ ಆ ದಾರಿಗೇ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ.

ಇನ್ನೊಂದು ವಿಷಯ ಇದೆ, ಟೂರ್‌ನವರು ಯಾರೂ ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಅಲ್ಲಿಯ ಮೂಲನಿವಾಸಿಗಳಾದ ಸಪೋಟೆಕ್ ಜನ 2,000 ವರ್ಷಕ್ಕೂ ಹಿಂದೆ ಇದೇ ಬುಗ್ಗೆ ನೀರನ್ನು ಸಣ್ಣ ಕಾಲುವೆಗಳಲ್ಲಿ ತಿರುಗಿಸಿ, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಹೊಲಗಳಿಗೆ ಹಾಯಿಸುತ್ತಿದ್ದರು. ಆ ಕಾಲುವೆಗಳ ಗುರುತು ಈಗಲೂ ಇದೆ, ಸುಣ್ಣ ಕೂತು ಅವೂ ಕಲ್ಲಾಗಿವೆ. ನಮ್ಮಪ್ಪ ಜೀವನ ಪೂರ್ತಿ ಅಡಿಕೆ ತೋಟಕ್ಕೆ ನೀರು ಕಟ್ಟಿದವರು. ಅವರಿಗೆ ನೋಡಬೇಕಿದ್ದದ್ದು ಜಲಪಾತಕ್ಕಿಂತ ಹೆಚ್ಚಾಗಿ ಆ ಕಾಲುವೆಗಳನ್ನು.

ಟೂರ್ ಮಾರುವವರು ವಹಾಕದ ನಡುವಿನ ದೊಡ್ಡ ಚೌಕದಲ್ಲಿ ಸಿಗುತ್ತಾರೆ, ಅದಕ್ಕೆ ಅಲ್ಲಿಯವರು ಸೊಕಾಲೊ ಅನ್ನುತ್ತಾರೆ. ಅಲ್ಲಿಂದ ಸಾಂತೊ ದೊಮಿಂಗೊ ಚರ್ಚಿನ ಕಡೆ ಹೋಗುವ ಬೀದಿಯಲ್ಲೂ ಫೋಟೊ ಫಲಕ ಹಿಡಿದು ನಿಂತಿರುತ್ತಾರೆ. ಫಲಕದಲ್ಲಿ ದೊಡ್ಡದಾಗಿ ಕಲ್ಲಿನ ಜಲಪಾತ, ಮೂಲೆಯಲ್ಲಿ ಚಿಕ್ಕದಾಗಿ ಉಳಿದ ನಾಲ್ಕು ಜಾಗ. ನಾವು ಎಲ್ಲಾ ಕೇಳಿಯೇ ದುಡ್ಡು ಕೊಟ್ಟೆವು. ಜಲಪಾತದ ಹತ್ತಿರ ಎಷ್ಟು ಹೊತ್ತು? ಮೂರು ಗಂಟೆ. ಗೈಡ್ ಇಂಗ್ಲಿಷ್ ಮಾತಾಡುತ್ತಾರಾ? ಹೌದು. ಸಸ್ಯಾಹಾರ ಸಿಗುತ್ತದಾ? ‘ಸಿ, ಸಿ’, ಅಂದರೆ ಹೌದು ಹೌದು, ಯೋಚನೆಯೇ ಬೇಡ. ನೀರು ಬಿಸಿ ಇರುತ್ತದೆ, ಅಮ್ಮನ ಮಂಡಿ ನೋವಿಗೆ ಒಳ್ಳೆಯದು ಅಂತಲೂ ಟೂರ್ ಮಾರಿದವನೇ ಹೇಳಿದ. ಇದರಲ್ಲಿ ಒಂದೂ ನಿಜವಾಗಲಿಲ್ಲ. ನೀರಂತೂ ತಣ್ಣಗಿತ್ತು. ಬುಗ್ಗೆಯಲ್ಲಿ ಗುಳ್ಳೆ ಏಳುತ್ತದೆ, ಅದನ್ನು ತೋರಿಸಿ ಬಿಸಿನೀರು ಅಂತ ಮಾರುತ್ತಾರೆ. ಕಾಯಿಲೆಯವರಿಗೆ ಹೀಗೆ ಸುಳ್ಳು ಹೇಳಿ ದುಡ್ಡು ತೆಗೆದುಕೊಳ್ಳುವುದು ನನಗೆ ಸಹಿಸಲು ಆಗಲಿಲ್ಲ.

ದಿನ ಹೇಗೆ ಕಳೆಯಿತು ನೋಡಿ. ಮೊದಲು ವ್ಯಾನ್ ಊರೆಲ್ಲ ಸುತ್ತಿ ಬೇರೆ ಬೇರೆ ಹೋಟೆಲ್‌ಗಳಿಂದ ಜನರನ್ನು ಹತ್ತಿಸಿಕೊಂಡಿತು. ಆಗಲೇ ಗೊತ್ತಾದದ್ದು, ನಾಲ್ಕಾರು ಏಜೆಂಟರು ಸೇರಿ ಒಂದೇ ವ್ಯಾನ್ ತುಂಬಿಸಿದ್ದಾರೆ, ಒಬ್ಬೊಬ್ಬರ ಹತ್ತಿರ ಒಂದೊಂದು ರೇಟ್ ತೆಗೆದುಕೊಂಡಿದ್ದಾರೆ ಅಂತ. ಮೊದಲ ಸ್ಟಾಪ್ ಸಾಂತಾ ಮರಿಯಾ ದೆಲ್ ತೂಲೆಯ ಮರ. ಅದು ನಿಜಕ್ಕೂ ನೋಡಬೇಕಾದ ಮರ, ಕಾಂಡದ ಸುತ್ತಳತೆ ಸುಮಾರು 42 ಮೀಟರ್, ಪ್ರಪಂಚದಲ್ಲೇ ಅತಿ ದಪ್ಪ ಕಾಂಡ ಅಂತ ಹೆಸರಾದದ್ದು. ಅಲ್ಲಿ ಕಾಲು ಗಂಟೆ. ಅಷ್ಟು ಸಾಕಿತ್ತು ಅಂತಲೇ ಇಟ್ಟುಕೊಳ್ಳೋಣ.

ಆಮೇಲೆ ತೆಯೊತಿತ್ಲಾನ್ ದೆಲ್ ವಾಯೆ ಊರಿನ ಕಂಬಳಿ ಅಂಗಡಿ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನಿಯಾ ಹುಳುವನ್ನು ಅರೆದರೆ ಕಡುಗೆಂಪು ಬಣ್ಣ ಬರುತ್ತದೆ, ನಿಂಬೆ ರಸ ಹಿಂಡಿದರೆ ಅದು ಕಿತ್ತಳೆಗೆ ತಿರುಗುತ್ತದೆ. ಅಂಗೈ ಮೇಲೆ ಮಾಡಿ ತೋರಿಸಿದರು, ಚೆನ್ನಾಗಿತ್ತು. ಆ ನೇಕಾರರ ಬಗ್ಗೆ ನನ್ನದು ಒಂದು ಕೆಟ್ಟ ಮಾತೂ ಇಲ್ಲ, ತಲೆಮಾರುಗಳಿಂದ ಮಗ್ಗದ ಕೆಲಸ ಮಾಡಿಕೊಂಡು ಬಂದವರು. ಆದರೆ ಹತ್ತು ನಿಮಿಷದಲ್ಲಿ ತೋರಿಸಿ ಮುಗಿಯುವುದಕ್ಕೆ ನಮ್ಮನ್ನು ಅಲ್ಲಿ ಒಂದು ಗಂಟೆಗೂ ಜಾಸ್ತಿ ಕೂಡಿಹಾಕಿದ್ದು ಗೈಡ್. ಯಾರಾದರೂ ಕೊಳ್ಳುವ ತನಕ ವ್ಯಾನ್ ಹೊರಡುವ ಮಾತೇ ಇಲ್ಲ. ಮೈಸೂರಿನಲ್ಲಿ ಅರಮನೆ ತೋರಿಸುತ್ತೇನೆ ಅಂತ ಹತ್ತಿಸಿಕೊಂಡು ಮೊದಲು ರೇಷ್ಮೆ ಸೀರೆ, ಗಂಧದೆಣ್ಣೆ ಅಂಗಡಿಯ ಮುಂದೆ ನಿಲ್ಲಿಸುವವರು ಇರುತ್ತಾರಲ್ಲ, ಅದೇ ಲೆಕ್ಕ.

ಮುಂದೆ ಮೆಸ್ಕಾಲ್ ಕಾಯಿಸುವ ಜಾಗ. ಅಗಾವೆ, ಅಂದರೆ ನಮ್ಮ ಕತ್ತಾಳೆ ಜಾತಿಯ ಗಿಡದ ಗಡ್ಡೆಯಂಥ ನಡುಭಾಗವನ್ನು ನೆಲದ ಗುಂಡಿಯಲ್ಲಿ ಸುಟ್ಟು, ಕಲ್ಲಿನ ಗಾಣದಲ್ಲಿ ಅರೆದು ಮಾಡುವ ಮದ್ಯ ಅದು. ಕುಡಿಯದವರು ಸುಮ್ನೆ ನಿಲ್ಲಬೇಕು. ಸಸ್ಯಾಹಾರಿಗಳು ಇಲ್ಲಿ ಹುಷಾರು: ಮೆಸ್ಕಾಲ್ ಜೊತೆ ಕಿತ್ತಳೆ ಹಣ್ಣಿನ ತುಂಡಿನ ಮೇಲೆ ಒಂದು ಕೆಂಪು ಉಪ್ಪು ಉದುರಿಸಿ ಕೊಡುತ್ತಾರೆ, ಅದರ ಹೆಸರು ಸಾಲ್ ದೆ ಗುಸಾನೊ, ಅಗಾವೆ ಗಿಡದ ಹುಳುವನ್ನು ಒಣಗಿಸಿ, ಪುಡಿ ಮಾಡಿ, ಮೆಣಸಿನಕಾಯಿ ಜೊತೆ ಬೆರೆಸಿದ್ದು. ಅಮ್ಮ ಬರೀ ಕಿತ್ತಳೆ ಅಂದುಕೊಂಡು ಬಾಯಿಗೆ ಇಡುವುದರಲ್ಲಿದ್ದರು. ವ್ಯಾನ್‌ನಲ್ಲಿದ್ದ ಮೆಕ್ಸಿಕನ್ ಹುಡುಗಿಯೊಬ್ಬಳು ಕೈ ಹಿಡಿದು ತಡೆದಳು. ಗೈಡ್‌ಗೆ ನಾವು ಬೆಳಿಗ್ಗೆಯೇ ಹೇಳಿದ್ದೆವು, ಅವನು ನೋಡುತ್ತಾ ನಿಂತಿದ್ದ.

ಊಟದ್ದೂ ಅದೇ ಕಥೆ. ದುಬಾರಿ ಬಫೆ, ಟೂರ್ ದುಡ್ಡಿನಲ್ಲಿ ಸೇರಿಲ್ಲ, ಸುತ್ತಮುತ್ತ ಬೇರೆ ಹೋಟೆಲೂ ಇಲ್ಲ. ಅಲ್ಲಿ ಕಾಳಿಗೆ ಹಂದಿ ಕೊಬ್ಬು ಹಾಕುವುದು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದು ಮಾಮೂಲು. ತ್ಲಾಯುದಾ ಅನ್ನುವ ದೊಡ್ಡ ರೊಟ್ಟಿಗೂ ಸಾಮಾನ್ಯವಾಗಿ ಅದೇ ಕೊಬ್ಬು ಸವರಿರುತ್ತಾರೆ. ‘ಮಾಂಸ ಇಲ್ಲ’ ಅಂದರೆ ಅವರ ಲೆಕ್ಕದಲ್ಲಿ ತುಂಡು ಇಲ್ಲ ಅಂತ ಅಷ್ಟೇ. ‘ಸಿನ್ ಮಾಂತೆಕಾ’ ಅಂದರೆ ಹಂದಿ ಕೊಬ್ಬು ಬೇಡ, ‘ಸಿನ್ ಕಾಲ್ದೊ ದೆ ಪೊಯೊ’ ಅಂದರೆ ಕೋಳಿ ಸಾರು ಬೇಡ. ಈ ಎರಡು ಮಾತು ಕಲಿತುಕೊಂಡು ಹೋಗಿ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಇನ್ನೂ ಒಳ್ಳೆಯದು. ಅಮ್ಮ ಆ ದಿನ ತೊರ್ತಿಯಾ ಅನ್ನುವ ಮೆಕ್ಕೆಜೋಳದ ರೊಟ್ಟಿ, ಹಣ್ಣು ತಿಂದು ದಿನ ತಳ್ಳಿದರು.

ಮುಂದಿನ ಜಾಗ ಮಿತ್ಲಾ, ಹಳೆಯ ಕಾಲದ ಕಟ್ಟಡಗಳ ಅವಶೇಷ ಇರುವ ಊರು. ಅಲ್ಲಿ ಕಲ್ಲಿನ ಗೋಡೆಗಳ ಮೇಲೆ ಗಾರೆಯಿಲ್ಲದೆ ಸಣ್ಣ ಸಣ್ಣ ಕಲ್ಲು ಜೋಡಿಸಿ ಮಾಡಿದ ರಂಗೋಲಿಯಂಥ ಕೆಲಸ ಇದೆ. ಅದನ್ನು ಓಡುತ್ತಾ ನೋಡಿದೆವು. ಟಿಕೆಟ್ ನಮ್ಮದೇ. ಜಲಪಾತಕ್ಕೆ ಹೋಗುವ ರಸ್ತೆಯಲ್ಲಿ ಊರಿನವರು ತೆಗೆದುಕೊಳ್ಳುವ ದುಡ್ಡೂ ನಮ್ಮದೇ, ಒಳಗೆ ಹೋಗುವ ದುಡ್ಡು ಮತ್ತೆ ಬೇರೆ. ಊರಿನವರಿಗೆ ಕೊಡುವುದಕ್ಕೆ ನನಗೆ ಬೇಜಾರಿಲ್ಲ, ಜಾಗ ಅವರದು, ಕಾಯುವವರೂ ಅವರೇ. ‘ಎಲ್ಲಾ ಸೇರಿದೆ’ ಅಂತ ಹೇಳಿ ನಮ್ಮಿಂದ ವಸೂಲಿ ಮಾಡಿದವನು ಅದನ್ನು ಕೊಡಬೇಕಿತ್ತು, ಅಷ್ಟೇ.

ಕೊನೆಗೆ ಜಲಪಾತ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಗೈಡ್ ಪಾರ್ಕಿಂಗ್‌ನಲ್ಲೇ ನಿಂತು, ಐವತ್ತು ನಿಮಿಷ, ಅಷ್ಟರೊಳಗೆ ವ್ಯಾನ್ ಹತ್ತಿರ ಬನ್ನಿ ಅಂದ. ಜೊತೆಗೆ ಬರಲಿಲ್ಲ. ಕೊಳದವರೆಗೆ ಇಳಿಯುವುದಕ್ಕೇ ಅಮ್ಮನಿಗೆ ಹದಿನೈದು ನಿಮಿಷ ಬೇಕಾಯಿತು. ಅಪ್ಪ ದೊಡ್ಡ ಜಲಪಾತದ ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದರು, ಅಷ್ಟರಲ್ಲಿ ಮೇಲಿಂದ ಹಾರ್ನ್ ಶುರುವಾಯಿತು. ಅವಸರದಲ್ಲಿ ವಾಪಸ್ ಬರುವಾಗ ಕಾಲು ಜಾರಿ ಬಿದ್ದು ಮಂಡಿ, ಅಂಗೈ ತರಚಿ ರಕ್ತ ಬಂತು. ಪಕ್ಕದಲ್ಲೇ ಇಳಿಜಾರು. ಅಲ್ಲಿ ಇನ್ನೇನು ಆಗಬಹುದಿತ್ತು ಅಂತ ಯೋಚಿಸಿದರೆ ಈಗಲೂ ಕೈ ನಡುಗುತ್ತದೆ. ವ್ಯಾನ್‌ನಲ್ಲಿ ಒಂದು ಬ್ಯಾಂಡೇಜ್ ಕೂಡ ಇರಲಿಲ್ಲ. ತಿಂಡಿ ಮಾರುವ ಹೆಂಗಸೊಬ್ಬರು ನೀರು ತಂದು ಗಾಯ ತೊಳೆದರು. ಕಾಲುವೆಗಳನ್ನು ನೋಡದೆಯೇ ಅಪ್ಪ ವ್ಯಾನ್ ಹತ್ತಿದರು.

ಮರುದಿನ ಏಜೆಂಟ್‌ನನ್ನು ಹಿಡಿದು ಕೇಳಿದರೆ, ವ್ಯಾನ್ ನಮ್ಮದಲ್ಲ, ಗೈಡ್ ನಮ್ಮವನಲ್ಲ, ನಾನು ಸೀಟು ಮಾರುವವನು ಅಷ್ಟೇ ಅಂದ. ಚೀಟಿಯಲ್ಲಿ ನನ್ನ ಹೆಸರು, ಮೊತ್ತ ಬಿಟ್ಟರೆ ಏನೂ ಬರೆದಿರಲಿಲ್ಲ. ಕಂಪನಿ ಹೆಸರೇ ಇಲ್ಲದ ಚೀಟಿ ಅದು. ಮೆಕ್ಸಿಕೊದಲ್ಲಿ ಗ್ರಾಹಕರ ದೂರಿಗೆ ಪ್ರೊಫೆಕೊ ಅಂತ ಸರ್ಕಾರಿ ಸಂಸ್ಥೆ ಇದೆ, ಆದರೆ ಯಾರ ಮೇಲೆ ದೂರು ಕೊಡುವುದು ಅಂತ ಹೇಳಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಅದಕ್ಕೆ ಹೇಳುತ್ತಿದ್ದೇನೆ. ತೂಲೆ, ತೆಯೊತಿತ್ಲಾನ್, ಮಿತ್ಲಾ ಎಲ್ಲವೂ ಒಂದೇ ಕಡೆಯ ದಾರಿಯಲ್ಲಿವೆ, ಜಲಪಾತ ಎಲ್ಲಕ್ಕಿಂತ ಕೊನೆಗೆ. ಹತ್ತಿರದ್ದರಿಂದ ಶುರು ಮಾಡುವ ಟೂರ್ ಸಮಯವನ್ನೆಲ್ಲ ದಾರಿಯಲ್ಲೇ ತಿಂದು ಮುಗಿಸುತ್ತದೆ. ಟೂರ್ ಬೇಕೇ ಬೇಕು ಅಂದರೆ ಬೆಳಿಗ್ಗೆ ಸೀದಾ ಜಲಪಾತಕ್ಕೆ ಹೋಗಿ, ವಾಪಸ್ ಬರುವಾಗ ಒಂದೋ ಎರಡೋ ಜಾಗ ತೋರಿಸುವವರನ್ನು ಹುಡುಕಿ. ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಯಾವ ಯಾವ ಟಿಕೆಟ್ ಸೇರಿದೆ, ವ್ಯಾನ್ ಯಾರದು ಅನ್ನುವುದನ್ನು ಚೀಟಿಯಲ್ಲೋ ವಾಟ್ಸಾಪ್‌ನಲ್ಲೋ ಬರೆಸಿಕೊಳ್ಳಿ. ಮೆಕ್ಸಿಕೊದಲ್ಲಿ ಗೈಡ್‌ಗಳಿಗೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರಬೇಕು, ಕಂಪನಿ ರಾಷ್ಟ್ರೀಯ ಪ್ರವಾಸೋದ್ಯಮ ನೋಂದಣಿಯಲ್ಲಿ ಇರಬೇಕು. ಎರಡನ್ನೂ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಮುಂದೆ ನಡೆಯಿರಿ.

ಇನ್ನೊಂದು, ಇಯೆರ್ವೆ ಎಲ್ ಆಗ್ವಾ ಯಾವಾಗಲೂ ತೆರೆದಿರುತ್ತದೆ ಅಂತಲೂ ನಂಬಬೇಡಿ. 2021ರಲ್ಲಿ ಅಲ್ಲಿಯ ಊರವರ ನಡುವಿನ ತಕರಾರಿನಿಂದ ಅದನ್ನು ಮುಚ್ಚಿದ್ದರು, ಆಮೇಲೆ ತೆರೆದರು. ಹೊರಡುವ ಹಿಂದಿನ ದಿನ ಉಳಿದುಕೊಂಡ ಹೋಟೆಲ್‌ನಲ್ಲಿ ವಿಚಾರಿಸಿ, ಟೂರ್ ಮಾರುವವನನ್ನು ಕೇಳಿದರೆ ತೆರೆದಿದೆ ಅಂತಲೇ ಹೇಳುತ್ತಾನೆ.

ಕೈಕಾಲು ಗಟ್ಟಿ ಇರುವವರಿಗೆ ಟೂರ್ ಬೇಕಾಗಿಯೇ ಇಲ್ಲ. ವಹಾಕದ ಬೇಸ್‌ಬಾಲ್ ಸ್ಟೇಡಿಯಂ ಹತ್ತಿರದಿಂದ ಮಿತ್ಲಾಗೆ ಶೇರ್ ಟ್ಯಾಕ್ಸಿ ಹೋಗುತ್ತದೆ, ಅದನ್ನು ಕೊಲೆಕ್ತಿವೊ ಅನ್ನುತ್ತಾರೆ. ಮಿತ್ಲಾದಿಂದ ಜಲಪಾತಕ್ಕೆ ಕಮಿಯೊನೆತಾ, ಅಂದರೆ ಹಿಂದೆ ಬೆಂಚು ಹಾಕಿದ ಪಿಕಪ್ ಗಾಡಿ. ಜನ ತುಂಬಿದ ಮೇಲೆ ಹೊರಡುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ. ಅಪ್ಪ ಅಮ್ಮ ಜೊತೆಗಿದ್ದರೆ ಇಡೀ ದಿನಕ್ಕೆ ಒಂದು ಟ್ಯಾಕ್ಸಿ ಮಾಡಿಕೊಳ್ಳಿ, ನಾಲ್ಕು ಜನರ ಟೂರ್ ದುಡ್ಡು ಕೂಡಿದರೆ ಅದೇನೂ ಭಾರಿ ಜಾಸ್ತಿ ಅಲ್ಲ. ಚಿಲ್ಲರೆ ಪೆಸೊ ನೋಟು ಇಟ್ಟುಕೊಳ್ಳಿ, ಕಾರ್ಡ್ ನಂಬಬೇಡಿ. ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ, ಸುಣ್ಣ ಕೂತ ಕಲ್ಲು ಒದ್ದೆಯಾದರೆ ಜಾರುತ್ತದೆ. ಟೋಪಿ, ನೀರು, ಗಾಯಕ್ಕೆ ಹಚ್ಚುವ ಔಷಧಿ ಮರೆಯಬೇಡಿ. ಪಿಕಪ್‌ನಲ್ಲಿ ಹೋದರೆ, ಅಲ್ಲಿ ಇಳಿದ ತಕ್ಷಣ ವಾಪಸ್ ಹೋಗುವ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಅಂತ ಡ್ರೈವರ್‌ನನ್ನೇ ಕೇಳಿಕೊಳ್ಳಿ.